ಮುಂದಿನ ಮ್ಯಾಕ್‌ಬುಕ್ ಹೇಗಿದ್ದೀತು?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಇಂದಿನ ಕಾಲದಲ್ಲಿ ಕೆಲವು ಯಂತ್ರಗಳ ಮಟ್ಟಿಗೆ ಈ ಗಾದೆ ನಡೆಯುವಂತಿಲ್ಲ. ಹೊಸ ಮಾದರಿಯೊಂದು ಕಾರ್ಖಾನೆಯಿಂದ ಹೊರಬೀಳುವುದಕ್ಕೆ ಎರಡು ಮೂರು ವರ್ಷ ಮೊದಲೇ ಅದರ ದಪ್ಪವೆಷ್ಟು, ಪರದೆ ಎಂಥದು, ತೂತುಗಳೆಷ್ಟು ಎಂಬ ಚರ್ಚೆ ಜಗತ್ತಿನಾದ್ಯಂತ ನಡೆಯುತ್ತದೆ. ಅಮೆರಿಕೆಯ ಆಪಲ್ ಕಂಪೆನಿಯ ಮ್ಯಾಕ್‌ಬುಕ್ ಪ್ರೋ ಎಂಬ ಲ್ಯಾಪ್‌ಟಾಪು ಇಂತಹ ಊಹಾಪೋಹಗಳಿಗೆ ಸದಾ ವಸ್ತುವಾಗಿದೆ. ಈ ಊಹೆಗಳಲ್ಲಿ ಬುದ್ಧಿಪೂರ್ವಕವಾದುದು ಯಾವುದು, ಬರಿಯ ಗಾಳಿಮಾತು ಯಾವುದು ಎಂಬುದನ್ನು ಬೇರ್ಪಡಿಸುವ ಬಗೆ ಹೇಗೆ? ಇದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸೋಣ.

ನಮ್ಮ ಓದುಗರಲ್ಲಿ ಹೆಚ್ಚಿನವರು ಈ ದುಬಾರಿ ಯಂತ್ರವನ್ನು ಕೊಳ್ಳುವವರಲ್ಲ. ಹಾಗಿದ್ದ ಮೇಲೆ ಅದರ ಚಿಂತೆ ನಮಗೇಕೆ ಎಂದು ಕೇಳಬಹುದು. ಉತ್ತರ ಸರಳ. ದುಬಾರಿ ಯಂತ್ರದಲ್ಲಿ ಇಂದು ಕಂಡುದು ನಾಳೆ ಅಗ್ಗದ ಯಂತ್ರದಲ್ಲಿ ಇಳಿದು ಬರುತ್ತದೆ. 2008ನೆಯ ಇಸವಿ ಜನವರಿಯಲ್ಲಿ ಇದೇ ಕಂಪೆನಿಯ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಎಂಬ ತೆಳುವಾದ ಯಂತ್ರವನ್ನು ಸಭೆಯ ಮುಂದೆ ಹೊರತೆಗೆದು ತೋರಿಸಿದರು. 2011ರಲ್ಲಿ ಇಂಟೆಲ್ ಕಂಪೆನಿಯು 'ಅಲ್ಟ್ರಾಬುಕ್' ಎಂಬ ಹೆಸರಿನಲ್ಲಿ ಅಂಥವೇ ತೆಳು ಯಂತ್ರಗಳನ್ನು ಮಾಡುವಂತೆ ಇತರ ತಯಾರಕರನ್ನು ಹುರಿದುಂಬಿಸಿತು. ಹೀಗೆ ಎಲ್ಲಿಯೋ ಒಬ್ಬ ವಿನ್ಯಾಸಕಾರನು ಮಾಡಿದ ತೀರ್ಮಾನವು ಕೆಲವು ವರ್ಷಗಳಲ್ಲಿ ನಮ್ಮ ಮೇಜಿನ ಮೇಲಿನ ಯಂತ್ರಕ್ಕೂ ತಟ್ಟುತ್ತದೆ. ಅದನ್ನು ಬಿಚ್ಚಿ ಸರಿಪಡಿಸಬಹುದೇ, ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಹಾಕಬಹುದೇ ಎಂಬುದೂ ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಊಹಿಸುವವನು ಮೊದಲು ನೋಡಬೇಕಾದುದು ಇತಿಹಾಸವನ್ನು. ಮ್ಯಾಕ್‌ಬುಕ್ ಪ್ರೋ ಮೊದಲು ಬಂದುದು 2006ರ ಜನವರಿಯಲ್ಲಿ. 2008ರ ಅಕ್ಟೋಬರಿನಲ್ಲಿ ಅದರ ಮೈಯನ್ನು ಒಂದೇ ಅಲ್ಯುಮಿನಿಯಂ ಗಟ್ಟಿಯಿಂದ ಕೊರೆದು ಮಾಡುವ ಪದ್ಧತಿ ಬಂದಿತು. 2012ರ ಜೂನಿನಲ್ಲಿ ಸೂಕ್ಷ್ಮ ಚುಕ್ಕಿಗಳ 'ರೆಟಿನಾ' ಪರದೆ ಬಂದು, ಸಿ.ಡಿ. ಹಾಕುವ ಭಾಗವು ಹೋಯಿತು. 2016ರ ಅಕ್ಟೋಬರಿನಲ್ಲಿ ಮತ್ತಷ್ಟು ತೆಳುವಾದ ಮಾದರಿ, 2021ರ ಅಕ್ಟೋಬರಿನಲ್ಲಿ ಇನ್ನೊಂದು ಮಾದರಿ. ಅಂದರೆ ನಾಲ್ಕೈದು ವರ್ಷಗಳಿಗೊಮ್ಮೆ ಹಾವು ಪೊರೆ ಬಿಡುವಂತೆ ಈ ಯಂತ್ರ ಹೊರರೂಪವನ್ನು ಬದಲಿಸಿದೆ. 2025ರ ಅಕ್ಟೋಬರಿನಲ್ಲಿ ಎಂ5 ಎಂಬ ಹೊಸ ಚಿಪ್ಪಿನೊಡನೆ ಬಂದ ಮಾದರಿಯ ಹೊರರೂಪವಾದರೋ 2021ರದೇ. ಆದುದರಿಂದ ಬದಲಾವಣೆಯ ಕಾಲ ಒದಗಿತೆಂದು ಜನ ಮಾತನಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದಾಗಿ ನೋಡಬೇಕಾದುದು ಒಡಹುಟ್ಟಿದವುಗಳನ್ನು. ಈ ಕಂಪೆನಿಯು ಹೊಸ ಸಂಗತಿಯನ್ನು ಒಂದು ಯಂತ್ರದಲ್ಲಿ ಮೊದಲು ತಂದು, ಬಳಿಕ ಮತ್ತೊಂದಕ್ಕೆ ಅಳವಡಿಸುವುದನ್ನು ಅನೇಕ ಬಾರಿ ಕಾಣುತ್ತೇವೆ. ರೆಟಿನಾ ಪರದೆ 2010ರಲ್ಲಿ ಐಫೋನಿಗೆ, 2012ರ ಮಾರ್ಚಿನಲ್ಲಿ ಐಪ್ಯಾಡಿಗೆ, ಅದೇ ಜೂನಿನಲ್ಲಿ ಮ್ಯಾಕ್‌ಬುಕ್ ಪ್ರೋಗೆ ಬಂದಿತು. ಸಾವಿರಾರು ಕಿರುದೀಪಗಳು ಹಿಂದಿನಿಂದ ಬೆಳಗುವ 'ಮಿನಿ ಎಲ್‌ಇಡಿ' ಪರದೆಯು 2021ರಲ್ಲಿ ಮೊದಲು ಐಪ್ಯಾಡ್ ಪ್ರೋದಲ್ಲಿ ಕಾಣಿಸಿಕೊಂಡು, ಅದೇ ವರ್ಷ ಮ್ಯಾಕ್‌ಬುಕ್ ಪ್ರೋಗೂ ದೊರೆಯಿತು. 2024ರ ಮೇ ತಿಂಗಳಲ್ಲಿ ಐಪ್ಯಾಡ್ ಪ್ರೋಗೆ 'ಓಎಲ್‌ಇಡಿ' ಪರದೆ ಬಂದಿತು. ಹಾಗಾದರೆ ಮುಂದಿನ ಸರದಿ ಯಾರದು? ಇಲ್ಲಿ ಊಹೆಗೆ ಆಧಾರವಿದೆ.

ಓಎಲ್‌ಇಡಿ ಎಂದರೇನು? ಸಾಮಾನ್ಯ ಪರದೆಯ ಹಿಂದೆ ಬೆಳಕು ಸದಾ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕದ ಪದರವು ಕಿಟಕಿಯ ಪರದೆಯಂತೆ ಆ ಬೆಳಕನ್ನು ಅಲ್ಲಲ್ಲಿ ತಡೆದು ಚಿತ್ರವನ್ನು ಮೂಡಿಸುತ್ತದೆ. ಎಷ್ಟೇ ತಡೆದರೂ ಸ್ವಲ್ಪ ಬೆಳಕು ಸೋರುವುದರಿಂದ ಕಪ್ಪು ನಿಜವಾದ ಕಪ್ಪಾಗದೆ ಬೂದುಬಣ್ಣಕ್ಕೆ ತಿರುಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಒಂದು ದೀಪ. ಕಪ್ಪು ಬೇಕಾದಲ್ಲಿ ಆ ದೀಪ ಆರಿಯೇ ಹೋಗುತ್ತದೆ. ಹಿಂದಿನ ದೀಪದ ಪದರವೇ ಬೇಡವಾದುದರಿಂದ ಪರದೆ ತೆಳುವಾಗುತ್ತದೆ. 2024ರ 13 ಅಂಗುಲದ ಐಪ್ಯಾಡ್ ಪ್ರೋದ ಒಟ್ಟು ದಪ್ಪ ಕೇವಲ 5.1 ಮಿಲಿಮೀಟರು. ಆದರೆ ಇದರಲ್ಲಿ ಒಂದು ಕೊರತೆಯೂ ಉಂಟು. ಒಂದೇ ಚಿತ್ರವು ದಿನಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಚುಕ್ಕಿಗಳು ಹೆಚ್ಚು ಸವೆದು, ಅದರ ನೆರಳು ಉಳಿದುಬಿಡಬಹುದು. ಲ್ಯಾಪ್‌ಟಾಪಿನ ಪರದೆಯಲ್ಲಿ ಮೇಲಿನ ಪಟ್ಟಿ ಸದಾ ಒಂದೇ ಕಡೆ ಇರುವುದರಿಂದ ಇದು ಫೋನಿಗಿಂತ ಇಲ್ಲಿ ಹೆಚ್ಚಿನ ಪ್ರಶ್ನೆ.

ಮೂರನೆಯದಾಗಿ, ವಿನ್ಯಾಸಕಾರನ ಕೈಯನ್ನು ಕಟ್ಟಿಹಾಕುವ ಮಿತಿಗಳನ್ನು ಗಮನಿಸಬೇಕು. ವಿಮಾನದಲ್ಲಿ 100 ವ್ಯಾಟ್-ಅವರ್‌ಗಿಂತ ಹೆಚ್ಚಿನ ಲಿಥಿಯಂ ಬ್ಯಾಟರಿಯನ್ನು ಒಯ್ಯಬೇಕಾದರೆ ವಿಮಾನ ಕಂಪೆನಿಯ ಅಪ್ಪಣೆ ಬೇಕು. 16 ಅಂಗುಲದ ಮ್ಯಾಕ್‌ಬುಕ್ ಪ್ರೋದ ಬ್ಯಾಟರಿ ಈಗಾಗಲೇ ಆ ಗಡಿಯನ್ನು ಮುಟ್ಟಿದೆ. ಆದುದರಿಂದ ದೊಡ್ಡ ಬ್ಯಾಟರಿ ಬಂದೀತೆಂಬ ಊಹೆಗೆ ಅಲ್ಲಿ ಎಡೆಯಿಲ್ಲ. ಹೆಚ್ಚು ಹೊತ್ತು ನಡೆಯಬೇಕಾದರೆ ಚಿಪ್ಪು ಕಡಿಮೆ ವಿದ್ಯುತ್ತನ್ನು ತಿನ್ನಬೇಕು, ಅಷ್ಟೆ. 2020ರ ನವೆಂಬರಿನಲ್ಲಿ ಇಂಟೆಲ್ ಚಿಪ್ಪನ್ನು ಬಿಟ್ಟು ಎಂ1 ಎಂಬ ತನ್ನದೇ ಚಿಪ್ಪನ್ನು ಕಂಪೆನಿ ತಂದುದರ ಹಿಂದಿನ ಮುಖ್ಯ ತತ್ತ್ವವಿದು. ಆಗಲೂ ಮೊದಲು ಹಳೆಯ ಮೈಯೊಳಗೇ ಹೊಸ ಚಿಪ್ಪನ್ನಿರಿಸಿ, ಮೈಯನ್ನು ಬದಲಿಸಿದ್ದು ಮರುವರ್ಷ. ಒಳಗಿನದು ಮೊದಲು, ಹೊರಗಿನದು ಆಮೇಲೆ ಎಂಬ ಈ ಕ್ರಮವನ್ನೂ ಊಹಿಸುವವನು ನೆನಪಿನಲ್ಲಿಡತಕ್ಕದ್ದು.

ಕಾನೂನು ಕೂಡ ಒಂದು ಮಿತಿಯೇ. ಐರೋಪ್ಯ ಒಕ್ಕೂಟದಲ್ಲಿ 2026ರ ಏಪ್ರಿಲ್ 28ರಿಂದ ಮಾರುವ ಲ್ಯಾಪ್‌ಟಾಪುಗಳನ್ನು ಯುಎಸ್‌ಬಿ-ಸಿ ತಂತಿಯಿಂದ ಚಾರ್ಜು ಮಾಡಲು ಸಾಧ್ಯವಾಗಬೇಕೆಂದು ನಿಯಮವಾಗಿದೆ. ಅಲ್ಲಿ 2023ರಲ್ಲಿ ಅಂಗೀಕಾರವಾದ ಬ್ಯಾಟರಿ ಕಾನೂನು, ಬಳಕೆದಾರನೇ ತೆಗೆದು ಬದಲಿಸಬಹುದಾದ ಬ್ಯಾಟರಿಗಳಿಗೆ 2027ರ ಫೆಬ್ರುವರಿ 18ನ್ನು ಗಡುವಾಗಿ ಗೊತ್ತುಮಾಡಿತು. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುತ್ತ ಬಂದ ತಯಾರಕರಿಗೆ ಇದು ದೊಡ್ಡ ಪ್ರಶ್ನೆ. ನಮ್ಮ ದೇಶದಲ್ಲಿಯೂ 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು ಒಂದು ಜಾಲತಾಣವನ್ನು ತೆರೆಯಿತು. ಮುಂದಿನ ಮಾದರಿಯ ರೂಪ ತೀರ್ಮಾನವಾಗುವುದು ಕಲಾವಿದನ ಕುಂಚದಿಂದ ಮಾತ್ರವಲ್ಲ, ಶಾಸನದ ಲೇಖನಿಯಿಂದಲೂ ಹೌದು.

ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಬಳಸುವವರ ದೂರು. ಇದಕ್ಕೆ 2016ರ ಮಾದರಿಯೇ ಒಳ್ಳೆಯ ನಿದರ್ಶನ. ಸಾಮಾನ್ಯ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಕೆಳಗೆ ಕತ್ತರಿಯಂತೆ ಅಡ್ಡಹಾಯುವ ಎರಡು ತುಂಡುಗಳಿರುತ್ತವೆ. ಯಂತ್ರವನ್ನು ತೆಳುವಾಗಿಸುವ ಹಂಬಲದಿಂದ, 2015ರ 12 ಅಂಗುಲದ ಮ್ಯಾಕ್‌ಬುಕ್ಕಿನಲ್ಲಿಯೂ ಮರುವರ್ಷ ಪ್ರೋದಲ್ಲಿಯೂ ಅದರ ಬದಲು ಚಿಟ್ಟೆಯ ರೆಕ್ಕೆಯಂತೆ ನಡುವೆ ಮಡಿಯುವ ಜೋಡಣೆಯನ್ನು ಇರಿಸಿದರು. ಕೀಲಿ ಕೆಳಗಿಳಿಯುವ ಅಂತರ ತೀರ ಕಡಿಮೆಯಾಯಿತು. ಒಂದು ಧೂಳಿನ ಕಣ ಹೊಕ್ಕರೂ ಸಾಕು, ಅಕ್ಷರ ಮೂಡದೆ ಹೋಗುವುದು ಇಲ್ಲವೇ ಎರಡೆರಡು ಬಾರಿ ಮೂಡುವುದು ಮೊದಲಾಯಿತು. ಕನ್ನಡವನ್ನು ಉಚ್ಚಾರಣೆಗನುಸಾರವಾಗಿ ಇಂಗ್ಲಿಷ್ ಕೀಲಿಗಳಿಂದ ಒತ್ತುವ ಪದ್ಧತಿಯಲ್ಲಿ ಇದರ ಪರಿಣಾಮವನ್ನು ಯೋಚಿಸಿ ನೋಡಿ: 'ಕತೆ' ಬರೆಯಹೊರಟವನಿಗೆ ತಕಾರದ ಕೀಲಿ ಎರಡು ಬಾರಿ ಮೂಡಿದರೆ 'ಕತ್ತೆ'ಯೇ ಎದುರು ನಿಲ್ಲುತ್ತದೆ!

ನಗುವಿನ ಮಾತು ಹಾಗಿರಲಿ. ಕೀಲಿಮಣೆಯನ್ನು ಮೇಲಿನ ಲೋಹದ ಕವಚಕ್ಕೆ ಬಂಧಿಸಿ, ಬ್ಯಾಟರಿಯನ್ನೂ ಅದಕ್ಕೇ ಅಂಟಿಸಿದ್ದುದರಿಂದ, ಕೀಲಿಮಣೆ ಬದಲಿಸಬೇಕಾದರೆ ಆ ಇಡೀ ಭಾಗವನ್ನೇ ಬದಲಿಸಬೇಕಾಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು. 2018ರ ಜೂನಿನಲ್ಲಿ ಕಂಪೆನಿಯು ಇಂಥ ಕೀಲಿಮಣೆಗಳನ್ನು ಉಚಿತವಾಗಿ ಸರಿಪಡಿಸಿಕೊಡುವ ಯೋಜನೆಯನ್ನು ಪ್ರಕಟಿಸಿತು. 2019ರ ನವೆಂಬರಿನ 16 ಅಂಗುಲದ ಮಾದರಿಯಲ್ಲಿ ಹಳೆಯ ಕತ್ತರಿ ಜೋಡಣೆ ಮರಳಿತು. ಅಮೆರಿಕೆಯಲ್ಲಿ ಹೂಡಲಾದ ಸಾಮೂಹಿಕ ದಾವೆಯಲ್ಲಿ 2022ರ ಜುಲೈಯಲ್ಲಿ 5 ಕೋಟಿ ಡಾಲರುಗಳ ರಾಜಿಗೆ ಕಂಪೆನಿ ಒಪ್ಪಿತು. 2016ರಲ್ಲಿ ಮಾಯವಾಗಿದ್ದ ಎಚ್‌ಡಿಎಂಐ ತೂತು, ಕ್ಯಾಮರಾ ಕಾರ್ಡಿನ ಸಂದು, ಕಾಂತದಿಂದ ಅಂಟುವ ಚಾರ್ಜರು ಇವೆಲ್ಲ 2021ರಲ್ಲಿ ಹಿಂದಿರುಗಿದವು. ಕೀಲಿಗಳ ಸಾಲಿನ ಬದಲು ಇಟ್ಟಿದ್ದ ಗಾಜಿನ ಸ್ಪರ್ಶಪಟ್ಟಿ ಹೊರಟುಹೋಯಿತು.

ದಪ್ಪದ ಅಂಕಿಗಳನ್ನೇ ಸಾಲಾಗಿ ನೋಡೋಣ. ದೊಡ್ಡ ಮಾದರಿಗಳ ದಪ್ಪ 2008ರಲ್ಲಿ ಸುಮಾರು 24 ಮಿಲಿಮೀಟರು, 2012ರಲ್ಲಿ 18, 2016ರಲ್ಲಿ 15.5. ಇದೇ ಗೆರೆಯನ್ನು ಮುಂದಕ್ಕೆ ಎಳೆದವನು 2021ರ ಯಂತ್ರ ಇನ್ನೂ ತೆಳುವೆಂದು ಹೇಳುತ್ತಿದ್ದನು. ಆದರೆ ಬಂದುದು 16.8 ಮಿಲಿಮೀಟರಿನ ಯಂತ್ರ. ನಾಲ್ಕು ಹೆಜ್ಜೆ ಒಂದೇ ದಿಕ್ಕಿಗಿಟ್ಟವನು ಐದನೆಯದನ್ನೂ ಅತ್ತಲೇ ಇಡುವನೆಂದು ನಂಬಲಾಗದು. ಎದುರಿಗೆ ಹಳ್ಳವಿದೆಯೇ ಎಂಬುದನ್ನೂ ನೋಡಬೇಕು.

ಬಳಕೆದಾರರ ದನಿಗೆ ಬೆಲೆಯುಂಟೆಂಬುದಕ್ಕೆ ಇನ್ನೊಂದು ಸಾಕ್ಷಿ ಥಿಂಕ್‌ಪ್ಯಾಡ್. 1992ರ ಅಕ್ಟೋಬರಿನಲ್ಲಿ ಐಬಿಎಂ ಕಂಪೆನಿ ಹೊರತಂದ, ಜಪಾನೀಯರ ಬುತ್ತಿಪೆಟ್ಟಿಗೆಯಿಂದ ಸ್ಫೂರ್ತಿ ಪಡೆದು ರಿಚರ್ಡ್ ಸ್ಯಾಪರ್ ಅವರು ರೂಪಿಸಿದ ಆ ಕಪ್ಪು ಯಂತ್ರ 2005ರಲ್ಲಿ ಲೆನೊವೊ ಕಂಪೆನಿಗೆ ಸೇರಿತು. 2012ರಲ್ಲಿ ಅದರ ಏಳು ಸಾಲಿನ ಕೀಲಿಮಣೆಯನ್ನು ಆರು ಸಾಲಿಗೆ ಇಳಿಸಿದಾಗ ಹಳೆಯ ಅಭಿಮಾನಿಗಳು ಸುಮ್ಮನಿರಲಿಲ್ಲ. 2015ರಲ್ಲಿ ಕಂಪೆನಿ ಬಳಕೆದಾರರ ಅಭಿಪ್ರಾಯವನ್ನೇ ಕೇಳಿತು. 2017ರಲ್ಲಿ ಇಪ್ಪತ್ತೈದನೆಯ ವರ್ಷದ ನೆನಪಿಗಾಗಿ ಏಳು ಸಾಲಿನ ಕೀಲಿಮಣೆಯುಳ್ಳ ವಿಶೇಷ ಮಾದರಿಯನ್ನು ಹೊರತಂದಿತು. ಹೀಗೆ ನೋಡಿದರೆ ಊಹೆಯೆಂಬುದು ಬರಿಯ ಕಾಲಹರಣವಲ್ಲ. ಅದು ತಯಾರಕನ ಮುಂದಿಡುವ ಒಂದು ಅರ್ಜಿಯೂ ಹೌದು.

ಈಗ ನಮ್ಮ ಊಹೆಯನ್ನು ಮೂರು ಭಾಗವಾಗಿ ಹೇಳುತ್ತೇವೆ. ಮೊದಲನೆಯದು ಬಹುಮಟ್ಟಿಗೆ ನಿಶ್ಚಿತವಾದುದು: ಯುಎಸ್‌ಬಿ-ಸಿ ಉಳಿಯುತ್ತದೆ, ಚಿಪ್ಪು ಬಲಗೊಳ್ಳುತ್ತದೆ, ಬ್ಯಾಟರಿಯ ಅಳತೆ ಬೆಳೆಯುವುದಿಲ್ಲ.

ಎರಡನೆಯದು ಸಂಭವನೀಯವಾದುದು: ಓಎಲ್‌ಇಡಿ ಪರದೆ, ಅದರೊಡನೆ ಬೆರಳಿನಿಂದ ಮುಟ್ಟಿ ನಡೆಸುವ ಸೌಕರ್ಯ. 2010ರಲ್ಲಿ ಜಾಬ್ಸ್ ಅವರು, ನೆಟ್ಟಗೆ ನಿಂತ ಪರದೆಯನ್ನು ಮುಟ್ಟುತ್ತಿದ್ದರೆ ತೋಳು ಸೋತುಹೋಗುತ್ತದೆಂದು ಇದನ್ನು ತಳ್ಳಿಹಾಕಿದ್ದರು. ಆದರೆ 2023ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ವಾರ್ತಾಸಂಸ್ಥೆಯು ಕಂಪೆನಿ ಅಂಥ ಯಂತ್ರದ ಕೆಲಸದಲ್ಲಿ ತೊಡಗಿದೆಯೆಂದು ವರದಿ ಮಾಡಿತು. ಇತರರ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ವರ್ಷಗಳಿಂದ ಇರುವ ಸಂಗತಿಯಿದು. ಪುಟ ಸರಿಸಲು, ಚಿತ್ರ ಹಿಗ್ಗಿಸಲು ಬೆರಳು, ಬರೆಯಲು ಕೀಲಿ ಎಂದು ಕೆಲಸ ಹಂಚಿಹೋದರೆ ತೋಳಿನ ಆಕ್ಷೇಪಣೆ ಬಹಳಷ್ಟು ಕಡಿಮೆಯಾದೀತು.

ಮೂರನೆಯದು ಸಂದೇಹಾಸ್ಪದವಾದುದು: ಕೀಲಿಮಣೆಯ ಜಾಗದಲ್ಲಿಯೂ ಗಾಜಿನ ಹಲಗೆ ಬಂದೀತು, ತೂತುಗಳೆಲ್ಲ ಮುಚ್ಚಿಹೋದಾವು ಎಂಬ ಮಾತುಗಳು. 2016ರ ಪೆಟ್ಟು ತಿಂದವರು ಅದೇ ಕಲ್ಲನ್ನು ಮತ್ತೆ ಎಡವಲಾರರೆಂಬುದು ನಮ್ಮ ಎಣಿಕೆ. ಹಾಗೆಯೇ ನಾವು ಬಯಸುವ ಒಂದು ಸಂಗತಿಯನ್ನೂ ಇದೇ ಭಾಗಕ್ಕೆ ಸೇರಿಸಬೇಕಾಗಿದೆ. ಕೊಂಡ ಮೇಲೆ ಮೆಮೊರಿಯನ್ನು ಹೆಚ್ಚಿಸಿಕೊಳ್ಳುವ ಅನುಕೂಲ ಮರಳಿ ಬರುವುದು ಕಷ್ಟ. ಎಂ1ರಿಂದೀಚೆಗೆ ಮೆಮೊರಿಯು ಚಿಪ್ಪಿನ ಜೊತೆಗೇ ಒಂದೇ ಕಟ್ಟಿನಲ್ಲಿ ಸೇರಿದೆ. ವೇಗ ಹೆಚ್ಚಿದುದಕ್ಕೆ ತೆತ್ತ ಬೆಲೆಯದು. ನಮ್ಮ ಬಯಕೆಯನ್ನೇ ಊಹೆಯೆಂದು ನಂಬಿ ಕುಳಿತುಕೊಳ್ಳಬಾರದು.

ಹೊಸದು ಬರಲಿ ಎಂದು ಕಾಯುತ್ತ ಕುಳಿತರೆ ಕಾಯುವಿಕೆಗೆ ಕೊನೆಯಿಲ್ಲ; ಇದರಾಚೆಗೆ ಯಾವಾಗಲೂ ಇನ್ನೊಂದು ಇದ್ದೇ ಇರುತ್ತದೆ. ಓದಿಗಾಗಿ ಯಂತ್ರ ಬೇಕಾದ ವಿದ್ಯಾರ್ಥಿಯು, ಅದು ಯಾವ ಕಂಪೆನಿಯದೇ ಆಗಲಿ, ಸಾಲ ಮಾಡಿ ಹಣ ಕೊಡುವ ತಂದೆತಾಯಿಗಳ ಪರವಾಗಿ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಬ್ಯಾಟರಿ ಸೋತಾಗ ಬದಲಿಸಲು ಎಷ್ಟು ಖರ್ಚು? ಕೀಲಿ ಕೆಟ್ಟರೆ ಒಂದನ್ನೇ ಸರಿಪಡಿಸಬಹುದೇ? ಮೆಮೊರಿ ಬೆಸೆದದ್ದೋ, ಬಿಚ್ಚಬಹುದಾದದ್ದೋ? ಹತ್ತಿರದ ಪೇಟೆಯಲ್ಲಿ ದುರಸ್ತಿ ಮಾಡುವವರಿದ್ದಾರೆಯೇ? ಹೊಳೆಯುವ ಮೈಗಿಂತ ಈ ಉತ್ತರಗಳೇ ಐದು ವರ್ಷದ ಮೇಲೆ ಕೈಹಿಡಿಯುತ್ತವೆ.

ಕಡೆಯದಾಗಿ ಒಂದು ಮಾತು. ಒಳ್ಳೆಯ ಊಹೆಯು ತನ್ನ ಆಧಾರವನ್ನು ಮುಚ್ಚಿಡುವುದಿಲ್ಲ. ತಾನು ಸುಳ್ಳಾಗುವುದು ಯಾವಾಗ ಎಂಬುದನ್ನೂ ಮೊದಲೇ ಹೇಳುತ್ತದೆ. ಮುಂದಿನ ಮ್ಯಾಕ್‌ಬುಕ್ ಪ್ರೋ ಹಿಂದಿನದಕ್ಕಿಂತ ತೀರ ತೆಳುವಾಗಿ, ತೂತುಗಳನ್ನು ಕಳೆದುಕೊಂಡು ಬಂದರೆ ನಮ್ಮ ಲೆಕ್ಕ ತಪ್ಪಿತೆಂದೇ ತಿಳಿಯತಕ್ಕದ್ದು. ಓದುಗ ಮಿತ್ರರು ಇದನ್ನು ಬರೆದಿಟ್ಟುಕೊಂಡು, ಯಂತ್ರ ಬಂದ ದಿನ ಒರೆಗೆ ಹಚ್ಚಿ ನೋಡಲಿ.