ಮುಚ್ಚಿದ ಪೊಟ್ಟಣದ ಬೆಲೆ

ಅಂಗಡಿಯ ಗಾಜಿನ ಕಪಾಟಿನಲ್ಲಿ ಅಂಗೈಯಗಲದ ಒಂದು ಪೊಟ್ಟಣ. ಥಳಥಳಿಸುವ ಹೊದಿಕೆ, ಒಳಗೆ ಹದಿನೈದು ಎಲೆಗಳು. ಯಾವ ಎಲೆಗಳೆಂಬುದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಪಕ್ಕದಲ್ಲೇ ಇನ್ನೊಂದು ಪೊಟ್ಟಣ. ಎಲೆಗಳ ಸಂಖ್ಯೆ ಅಷ್ಟೇ, ಬೆಲೆ ಮಾತ್ರ ಹೆಚ್ಚುಕಡಮೆ ಎರಡರಷ್ಟು. ಈ ಎರಡನೆಯದನ್ನು ‘ಪ್ರೀಮಿಯಂ’ ಎಂದು ಕರೆಯುವರು. ಮಗು ಅದನ್ನೇ ಬೇಡುತ್ತದೆ. ‘ಇದರಲ್ಲಿ ಅಂಥದೇನಿದೆ?’ ಎಂದು ತಂದೆ ಕೇಳುತ್ತಾನೆ. ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ಸ್ವಲ್ಪ ಗಣಿತ, ಸ್ವಲ್ಪ ವ್ಯಾಪಾರ, ಸ್ವಲ್ಪ ಮನುಷ್ಯಸ್ವಭಾವ, ಈ ಮೂರನ್ನೂ ನೋಡಬೇಕಾಗುತ್ತದೆ.

ಈ ಬಗೆಯ ಆಟಗಳಿಗೆ ಮೂಲಪುರುಷನೆನ್ನಬಹುದಾದದ್ದು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಗಣಿತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕನ್ನರು ಇದನ್ನು ರಚಿಸಿದರು. ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯು 1993ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಇಸ್ಪೀಟಿನಲ್ಲಿ ಎಲ್ಲರಿಗೂ ಇರುವುದು ಒಂದೇ ಕಟ್ಟು, ಐವತ್ತೆರಡೇ ಎಲೆ. ಮ್ಯಾಜಿಕ್ಕಿನಲ್ಲಿ ಹಾಗಲ್ಲ. ಸಾವಿರಾರು ಬೇರೆ ಬೇರೆ ಎಲೆಗಳಿವೆ. ಪ್ರತಿಯೊಂದಕ್ಕೂ ಅದರದೇ ಚಿತ್ರ, ಅದರದೇ ಶಕ್ತಿ. ಆಟಗಾರನು ಅವುಗಳಲ್ಲಿ ತನಗೆ ಬೇಕಾದವನ್ನು ಆರಿಸಿ ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳಬೇಕು. ಆದರೆ ಸಂಸ್ಥೆಯು ಎಲೆಗಳನ್ನು ಬಿಡಿಬಿಡಿಯಾಗಿ ಮಾರುವುದಿಲ್ಲ; ‘ಬೂಸ್ಟರ್’ ಎಂಬ ಮುಚ್ಚಿದ ಪೊಟ್ಟಣಗಳಲ್ಲಿ ಕಲೆಸಿ ಮಾರುತ್ತದೆ. ಬಿಡಿ ಎಲೆಗಳ ವ್ಯಾಪಾರವೆಲ್ಲ ಅಂಗಡಿಯವರ ಮತ್ತು ಆಟಗಾರರ ನಡುವಿನದು.

ಎಲ್ಲ ಎಲೆಗಳೂ ಸಮನಾಗಿ ದೊರೆಯುವುದಿಲ್ಲ. ಕೆಲವು ಸಾಮಾನ್ಯ, ಕೆಲವು ವಿರಳ, ಇನ್ನು ಕೆಲವು ದುರ್ಲಭ. ಹಿಂದೆ ಒಂದು ಪೊಟ್ಟಣದಲ್ಲಿ ಹತ್ತಾರು ಸಾಮಾನ್ಯ ಎಲೆಗಳಿದ್ದರೆ ದುರ್ಲಭವಾದದ್ದು ಒಂದೇ ಒಂದು ಇರುತ್ತಿತ್ತು. 2008ರಲ್ಲಿ ಸಂಸ್ಥೆಯು ಇವುಗಳ ಮೇಲೆ ಇನ್ನೊಂದು ಅಂತಸ್ತನ್ನು ಕಟ್ಟಿತು. ಅತಿದುರ್ಲಭವೆಂಬ ಈ ವರ್ಗದ ಎಲೆ ಆಗ ಸುಮಾರು ಎಂಟು ಪೊಟ್ಟಣಗಳಿಗೆ ಒಂದರಂತೆ ಮಾತ್ರ ದುರ್ಲಭದ ಸ್ಥಾನದಲ್ಲಿ ಬರುತ್ತಿತ್ತು.

ಇನ್ನು ಪ್ರೀಮಿಯಂ ಪೊಟ್ಟಣ ಹುಟ್ಟಿದ ಬಗೆ. ಹಳೆಯ ಎಲೆಗಳಲ್ಲಿ ಕೆಲವಕ್ಕೆ ಬೇಡಿಕೆ ಹೆಚ್ಚಿ ಬೆಲೆ ಏರುತ್ತಿತ್ತು. ಹೊಸಬರಿಗೆ ಅವು ಕೈಗೆಟುಕುತ್ತಿರಲಿಲ್ಲ. ಅವನ್ನು ಮತ್ತೆ ಮುದ್ರಿಸಬಹುದಲ್ಲ ಎನ್ನಬಹುದು. 1995ರಲ್ಲಿ ಸಂಸ್ಥೆಯು ಹಾಗೆ ಮಾಡಿಯೂ ನೋಡಿತು. ಹಳೆಯ ಎಲೆಗಳ ಬೆಲೆ ಕುಸಿದು ಸಂಗ್ರಾಹಕರು ಸಿಟ್ಟಿಗೆದ್ದರು. ಮರುವರ್ಷವೇ ಕೆಲವು ಎಲೆಗಳನ್ನು ಮತ್ತೆಂದೂ ಮುದ್ರಿಸುವುದಿಲ್ಲವೆಂದು ಸಂಸ್ಥೆಯು ಮಾತು ಕೊಡಬೇಕಾಯಿತು. ಆ ಪಟ್ಟಿಯ ಹೊರಗಿರುವ ಎಲೆಗಳನ್ನು ಬೆಲೆಯೂ ಬೀಳದಂತೆ, ಆಟಗಾರರಿಗೂ ಸಿಗುವಂತೆ ಮರುಮುದ್ರಿಸುವ ಉಪಾಯವನ್ನು 2013ರ ಜೂನ್ ತಿಂಗಳಲ್ಲಿ ಹೂಡಲಾಯಿತು. ಅದೇ ‘ಮಾಡರ್ನ್ ಮಾಸ್ಟರ್ಸ್’. ಆಗ ಸಾಧಾರಣ ಪೊಟ್ಟಣಕ್ಕೆ ಸೂಚಿತ ಬೆಲೆ 3.99 ಡಾಲರಿದ್ದರೆ ಇದಕ್ಕೆ 6.99 ಡಾಲರು. ಮುದ್ರಣವೂ ಮಿತ.

ಈ ಮಾಲೆಯಲ್ಲಿದ್ದದ್ದು 229 ಎಲೆಗಳು. ಅವುಗಳಲ್ಲಿ ಅತಿದುರ್ಲಭವಾದವು 15. ಎಲ್ಲರ ಕಣ್ಣೂ ‘ಟಾರ್ಮೊಗಾಯ್ಫ್’ ಎಂಬ ಒಂದು ಎಲೆಯ ಮೇಲೆ. ಬಿಡಿಯಾಗಿ ಕೊಂಡರೆ ಅದರ ಬೆಲೆ ಆಗ ನೂರು ಡಾಲರಿನ ಆಸುಪಾಸಿನಲ್ಲಿತ್ತು. ಏಳು ಡಾಲರಿನ ಪೊಟ್ಟಣದಲ್ಲಿ ನೂರು ಡಾಲರಿನ ಎಲೆ! ಯಾರ ಮನಸ್ಸು ತಾನೆ ಸುಮ್ಮನಿದ್ದೀತು?

ಈಗ ಲೆಕ್ಕ ಹಾಕೋಣ. ಅತಿದುರ್ಲಭ ಎಲೆ ಬರುವುದೇ ಎಂಟರಲ್ಲೊಂದು ಸಲ. ಬಂದರೂ ಅದು ಹದಿನೈದರಲ್ಲಿ ನಮಗೆ ಬೇಕಾದದ್ದೇ ಆಗಬೇಕು. ಎಂಟು ಹದಿನೈದಲೆ ನೂರಿಪ್ಪತ್ತು. ಮಿರುಗುವ ಹೆಚ್ಚುವರಿ ಎಲೆಯೊಂದರ ಅದೃಷ್ಟವನ್ನು ಬದಿಗಿಟ್ಟರೆ, ಟಾರ್ಮೊಗಾಯ್ಫ್ ಸಿಗುವ ಸಂಭವ 120 ಪೊಟ್ಟಣಗಳಿಗೆ ಒಂದು. ಅಷ್ಟು ಪೊಟ್ಟಣಗಳಿಗೆ ತೆರಬೇಕಾದದ್ದು ಸುಮಾರು 839 ಡಾಲರು. ಹೋಗಲಿ, 120 ಕೊಂಡವನಿಗೆ ಅದು ಸಿಕ್ಕೇ ಸಿಗುವುದೇ? ಅದೂ ಇಲ್ಲ. ಬೇರೆ ಬೇರೆ ಕಡೆ ಕೊಂಡ 120 ಪೊಟ್ಟಣಗಳನ್ನು ಒಡೆದವರು ನೂರು ಜನರಿದ್ದರೆ, ಅವರಲ್ಲಿ ಸುಮಾರು 37 ಜನರಿಗೆ ಆ ಎಲೆಯ ದರ್ಶನವೇ ಆಗದು. ಉಳಿದ ಎಲೆಗಳಿಗೂ ಬೆಲೆಯುಂಟು, ನಿಜ. ಆದರೆ ಬೇಕಾದದ್ದು ಒಂದೇ ಎಲೆಯಾಗಿದ್ದಲ್ಲಿ ಅಂಗಡಿಯಲ್ಲಿ ಅದನ್ನೇ ಕೊಂಡವನು ಜಾಣ.

‘ಒಂದೇ ಎಲೆಯ ಮಾತೇಕೆ? ಸರಾಸರಿಯಲ್ಲಿ ಪೊಟ್ಟಣದ ಮೌಲ್ಯ ಅದರ ಬೆಲೆಗಿಂತ ಹೆಚ್ಚಿದ್ದರೆ ಲಾಭವೇ ಅಲ್ಲವೆ?’ ಎಂದು ಕೆಲವರು ವಾದಿಸುವುದುಂಟು. ಇಲ್ಲಿಯೇ ಎಡವುವವರು ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಏಳು ಡಾಲರಿನ ನೂರು ಪೊಟ್ಟಣಗಳಿವೆ. ಒಂದರಲ್ಲಿ 400 ಡಾಲರಿನ ಎಲೆ. ಒಂಬತ್ತರಲ್ಲಿ 20 ಡಾಲರಿನ ಸರಕು. ಉಳಿದ ತೊಂಬತ್ತರಲ್ಲಿ ಎರಡೆರಡು ಡಾಲರಿನದು. ಕೂಡಿದರೆ 760 ಡಾಲರು. ಅಂದರೆ ಪೊಟ್ಟಣವೊಂದಕ್ಕೆ ಸರಾಸರಿ 7.60. ಕಾಗದದ ಮೇಲೆ ಲಾಭ! ಆದರೆ ಒಂದೊಂದು ಪೊಟ್ಟಣ ಕೊಂಡ ನೂರು ಜನರಲ್ಲಿ ತೊಂಬತ್ತು ಜನ ಐದು ಡಾಲರು ಕಳೆದುಕೊಂಡೇ ಮನೆಗೆ ಹೋಗುತ್ತಾರೆ. ಸರಾಸರಿಯೆಂಬುದು ಎಲ್ಲ ಪೊಟ್ಟಣಗಳನ್ನೂ ಕೊಂಡವನ ಲೆಕ್ಕವೇ ಹೊರತು ಒಂದನ್ನು ಕೊಂಡವನದಲ್ಲ.

ಅದಿರಲಿ, ಆ ಕಾಗದದ ಲಾಭವಾದರೂ ನಿಲ್ಲುತ್ತದೆಯೆ? ನಿಲ್ಲುವುದಿಲ್ಲ. ಒಡೆದರೆ ಲಾಭವೆಂದು ಕಂಡೊಡನೆ ವ್ಯಾಪಾರಿಗಳು ಪೆಟ್ಟಿಗೆಗಟ್ಟಲೆ ಒಡೆದು ಬಿಡಿ ಎಲೆಗಳನ್ನು ಮಾರಾಟಕ್ಕಿಡುತ್ತಾರೆ. ಎಲೆಗಳು ಹೆಚ್ಚಿದಂತೆ ಅವುಗಳ ಬೆಲೆ ಇಳಿಯುತ್ತದೆ; ಇಲ್ಲವೆ ಪೊಟ್ಟಣದ ಬೆಲೆಯೇ ಏರುತ್ತದೆ. ಹೇಗಾದರೂ ಅಂತರ ಮುಚ್ಚಿಹೋಗುತ್ತದೆ. ಮೇಲಾಗಿ, ಸಿಕ್ಕ ಎಲೆಯನ್ನು ಮಾರಹೊರಟವನಿಗೆ ಅಂಗಡಿಯಾತ ಪೂರ್ತಿ ಬೆಲೆ ಕೊಡುವುದಿಲ್ಲ. ತನ್ನ ಲಾಭವನ್ನು ಹಿಡಿದುಕೊಂಡೇ ಕೊಡುತ್ತಾನೆ.

ಹಾಗಾದರೆ ಪ್ರೀಮಿಯಂ ಪೊಟ್ಟಣವೆಂಬುದು ಬರಿಯ ಬಣ್ಣದ ಬಲೆಯೇ? ಅಲ್ಲ. ಅದಕ್ಕೆ ಇನ್ನೊಂದು ಉಪಯೋಗವಿದೆ. ಎಂಟು ಜನ ಮೇಜಿನ ಸುತ್ತ ಕೂತು ತಲಾ ಮೂರು ಪೊಟ್ಟಣ ಇಟ್ಟುಕೊಳ್ಳುತ್ತಾರೆ. ಒಂದನ್ನು ಒಡೆದು, ಒಂದು ಎಲೆ ಆರಿಸಿಕೊಂಡು, ಉಳಿದುದನ್ನು ನೆರೆಯವರಿಗೆ ದಾಟಿಸುತ್ತಾರೆ. ಹೀಗೆ ಆಯ್ದ ಎಲೆಗಳಿಂದಲೇ ಕಟ್ಟು ಕಟ್ಟಿ ಆಡುತ್ತಾರೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಮಾಡರ್ನ್ ಮಾಸ್ಟರ್ಸಿನ ಒಂದು ಪೆಟ್ಟಿಗೆಯಲ್ಲಿ 24 ಪೊಟ್ಟಣಗಳು. ಎಂಟು ಜನರಿಗೆ ಮೂರರಂತೆ ಸರಿಯಾಗಿ ಸಾಲುತ್ತವೆ. ಎಲೆಗಳು ಒಂದರೊಡನೊಂದು ಹೊಂದಿಕೊಂಡು ಆಟ ರಸವತ್ತಾಗುವಂತೆ ಈ ಮಾಲೆಯನ್ನು ಜೋಡಿಸಿದ್ದರು. ಹೀಗೆ ಆಡುವವರಿಗೆ ಪೊಟ್ಟಣದ ಬೆಲೆಯೆಂದರೆ ಒಂದು ಸಂಜೆಯ ವಿನೋದದ ಬೆಲೆ. ಉಳಿದ ಎಲೆಗಳು ಮೇಲುಸಂಪಾದನೆ.

ಈ ಎರಡು ಮೌಲ್ಯಗಳು ಒಮ್ಮೆ ಎದುರುಬದುರಾಗಿ ನಿಂತ ಪ್ರಸಂಗವೊಂದಿದೆ. 2015ರಲ್ಲಿ ಮಾಡರ್ನ್ ಮಾಸ್ಟರ್ಸಿನ ಎರಡನೆಯ ಮಾಲೆ ಬಂದಾಗ ಪೊಟ್ಟಣದ ಬೆಲೆ 9.99 ಡಾಲರಿಗೇರಿತ್ತು. ಆ ಮಾಲೆಯಲ್ಲಿ ಲಾಸ್ ವೇಗಾಸ್ ನಗರದಲ್ಲಿ ನಡೆದ ಪಂದ್ಯಾವಳಿಯಲ್ಲಿ 7,500ಕ್ಕೂ ಹೆಚ್ಚು ಜನ ಆಡಿದರು. ಕೊನೆಯ ಎಂಟರ ಡ್ರಾಫ್ಟಿನಲ್ಲಿ ಕೆನಡಾದ ಆಟಗಾರನೊಬ್ಬ ಪೊಟ್ಟಣ ಒಡೆದಾಗ ಅದರಲ್ಲಿ ಮಿರುಗುವ ಟಾರ್ಮೊಗಾಯ್ಫ್ ಇತ್ತು. ಅವನ ಕಟ್ಟಿಗೆ ಅದು ಒದಗುವಂತಿರಲಿಲ್ಲ. ಒದಗುವಂಥ ಅಗ್ಗದ ಎಲೆಯೊಂದೂ ಅದೇ ಪೊಟ್ಟಣದಲ್ಲಿತ್ತು. ಆಟಕ್ಕಾಗಿ ಆ ಎಲೆಯೋ, ಹಣಕ್ಕಾಗಿ ಈ ಎಲೆಯೋ? ಅವನು ಟಾರ್ಮೊಗಾಯ್ಫನ್ನೇ ಎತ್ತಿಕೊಂಡ. ಗೆಲ್ಲಲು ಕೂತವನು ಹಾಗೆ ಮಾಡಬಹುದೇ ಎಂದು ಹೆಸರಾಂತ ಆಟಗಾರರು ಟೀಕಿಸಿದರು. ಆ ಚರ್ಚೆಯಿಂದಲೇ ಎಲೆಗೆ ಖ್ಯಾತಿ ಬಂದು ಹರಾಜಿನಲ್ಲಿ 14,900 ಡಾಲರಿಗೆ ಹೋಯಿತು. ಅದರಲ್ಲಿ ಅರ್ಧವನ್ನು ಅವನು ಧರ್ಮಕಾರ್ಯಕ್ಕೆ ಕೊಟ್ಟನು.

ಆದರೆ ಎಲೆಯ ಬೆಲೆಯೆಂಬುದು ಕೆರೆಯ ನೀರಿನಂತೆ. ಇಂದಿನ ಮಟ್ಟ ನಾಳೆಯದಲ್ಲ. ಟಾರ್ಮೊಗಾಯ್ಫಿಗಿಂತ ಬಲವಾದ ಎಲೆಗಳು ಬಂದವು. ಅದೂ ಮತ್ತೆ ಮತ್ತೆ ಮುದ್ರಣವಾಯಿತು. ಅದರ ಸಾಧಾರಣ ಪ್ರತಿಯ ಬೆಲೆ ಹಿಂದಿನ ಮಟ್ಟದ ಒಂದು ಸಣ್ಣ ಭಾಗಕ್ಕೆ ಇಳಿದುಹೋಯಿತು. ಪೊಟ್ಟಣದ ಬೆಲೆ ಮಾತ್ರ ಏರುತ್ತಲೇ ಇತ್ತು. 2018ರ ‘ಅಲ್ಟಿಮೇಟ್ ಮಾಸ್ಟರ್ಸ್’ ಪೊಟ್ಟಣಕ್ಕೆ 13.99 ಡಾಲರು. 2019ರಲ್ಲಿ ಸಂಗ್ರಾಹಕರಿಗೆಂದೇ ಇನ್ನೂ ದುಬಾರಿಯ ಪೊಟ್ಟಣಗಳು ಬಂದವು. 2022ರಲ್ಲಿ ಮೂವತ್ತನೆಯ ವರ್ಷದ ನೆನಪಿಗಾಗಿ ಹೊರಡಿಸಿದ ನಾಲ್ಕು ಪೊಟ್ಟಣಗಳಿಗೆ 999 ಡಾಲರು! ಆ ಎಲೆಗಳನ್ನು ಅಧಿಕೃತ ಪಂದ್ಯಗಳಲ್ಲಿ ಆಡುವಂತೆಯೂ ಇರಲಿಲ್ಲ. 2023ರಲ್ಲಿ ಲೋಕಕ್ಕೆಲ್ಲ ಒಂದೇ ಪ್ರತಿಯಾಗಿ ಮುದ್ರಿಸಿದ ‘ಒನ್ ರಿಂಗ್’ ಎಲೆಯನ್ನು ಇಂಥ ಪೊಟ್ಟಣವೊಂದರಲ್ಲಿ ಅಡಗಿಸಿದ್ದರು. ಅದನ್ನು ಗಾಯಕ ಪೋಸ್ಟ್ ಮಲೋನ್ ಸುಮಾರು 20 ಲಕ್ಷ ಡಾಲರಿಗೆ ಕೊಂಡರೆಂದು ವರದಿಯಾಯಿತು. ಒಬ್ಬನಿಗೆ ಸಿಕ್ಕ ಸುದ್ದಿ ಜಗತ್ತೆಲ್ಲ ಹಬ್ಬುತ್ತದೆ; ಸಿಗದಿದ್ದವರ ಸುದ್ದಿಯನ್ನು ಬರೆಯುವವರಾರು?

ಇಂಥ ಆಟಗಳ ಪೊಟ್ಟಣಗಳು ನಮ್ಮ ದೇಶದ ಅಂಗಡಿಗಳಲ್ಲೂ ದೊರೆಯುತ್ತವೆ. ಮನೆಯ ಮಗು ಬೇಡಿದಾಗ ಗದರಿಸುವ ಅಗತ್ಯವಿಲ್ಲ. ಕಾಗದ ಪೆನ್ಸಿಲು ಕೊಟ್ಟು ಎಂಟು ಹದಿನೈದಲೆ ಎಷ್ಟೆಂದು ಕೇಳಿದರೆ ಸಾಕು. ಗೆಳೆಯರೊಡನೆ ಕೂತು ಆಡಲು ಬೇಕೆಂದರೆ ಒಂದೆರಡು ಪೊಟ್ಟಣ ಕೊಡಿಸಬಹುದು. ಒಂದು ಎಲೆಯೇ ಬೇಕೆಂದರೆ ಆ ಎಲೆಯನ್ನೇ ಕೊಡಿಸಬಹುದು. ಹಣ ಮಾಡಬಹುದೆಂಬ ಆಸೆಯಿಂದಾದರೆ ಒಂದು ಮಾತು ಹೇಳಿಕೊಡಬೇಕು. ಮುಚ್ಚಿದ ಪೊಟ್ಟಣಕ್ಕೆ ನಾವು ತೆರುವ ಬೆಲೆಯಲ್ಲಿ ದೊಡ್ಡ ಪಾಲು ಆಸೆಯ ಬೆಲೆ; ಹೊದಿಕೆ ಹರಿದ ಕ್ಷಣ ಆ ಪಾಲು ಹಾರಿಹೋಗುತ್ತದೆ. ಕೈಯಲ್ಲಿ ಉಳಿಯುವುದು ಹದಿನೈದು ಎಲೆ. ಅವುಗಳಿಂದ ಆಡಬಲ್ಲವನಿಗೆ ನಷ್ಟವಿಲ್ಲ.