ಕೋಳಿ ಕಾಯುವ ನಾಯಿ: ಜತ್ತದ ಕುರಿಗಾಹಿಗಳ ಬಳಿ ಕಲಿತದ್ದು

ಒಂಬತ್ತು ಕೋಳಿ. ಲುಹರ್ ನಮಾಝಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಒಂಬತ್ತು ಕೋಳಿ ಅಂಗಳದ ತುಂಬ ಬಿದ್ದಿದ್ದವು. ಕೊಂದದ್ದು ನರಿಯಲ್ಲ, ಕಾಡುಬೆಕ್ಕಲ್ಲ. ಕೋಳಿ ಕಾಯಲಿಕ್ಕೆ ಅಂತಲೇ ನಾವು ತಂದ ನಾಯಿ! ಒಂದನ್ನೂ ಅದು ತಿಂದಿರಲಿಲ್ಲ. ಹಿಡಿಯೋದು, ಅಲ್ಲಾಡಿಸೋದು, ಬಿಟ್ಟು ಇನ್ನೊಂದರ ಹಿಂದೆ ಓಡೋದು. ನಮ್ಮನ್ನು ಕಂಡು ಬಾಲ ಅಲ್ಲಾಡಿಸುತ್ತಾ ಬಂತು.

ಇದು ನಡೆದದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ವಿಜಯಪುರದಿಂದ ಗುಹಾಗರ್ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಇಲ್ಲಿನ ಗ್ರಾಮಗಳ ವಿಷಯ ಎತ್ತಿದಾಗ ಟಿವಿಯಲ್ಲಿ ಕೇಳಿರಬಹುದು. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ ಕಡೆ ಹೋದರೆ ಮಾತೆಲ್ಲಾ ಕನ್ನಡವೇ. ಒಣದ್ರಾಕ್ಷಿ, ದಾಳಿಂಬೆ ಲೋಡಿಗೆಂದು ನಾನು ವರ್ಷದಲ್ಲಿ ನಾಲ್ಕೈದು ಸಲ ಆ ಕಡೆ ಹೋಗ್ತೇನೆ. ಅಲ್ಲಿನ ಒಬ್ಬ ಸ್ನೇಹಿತರ ಜೊತೆ ಮುದಾರಬ ಲೆಕ್ಕದಲ್ಲಿ ನಾಟಿ ಕೋಳಿ ಸಾಕಾಣಿಕೆ ಶುರು ಮಾಡಿದೆವು: ಬಂಡವಾಳ ನನ್ನದು, ದುಡಿಮೆ ಅವರದು, ಲಾಭ ಅರ್ಧರ್ಧ. ಅರುವತ್ತು ಕೋಳಿ. ಊರ ಹೊರಗಿನ ವಸ್ತಿ, ಸುತ್ತ ಬಯಲು. ತಿಂಗಳಿಗೆ ಮೂರು ನಾಲ್ಕು ಕೋಳಿ ಮುಂಗುಸಿಗೋ ನರಿಗೋ ಬೀದಿನಾಯಿಗೋ ಹೋಗ್ತಿತ್ತು. ಹಾಗಾಗಿ ನಾಯಿ ತಂದದ್ದು.

ನಾಯಿ ಅಂದ ಕೂಡಲೇ ನಮ್ಮ ಓದುಗರಲ್ಲಿ ಅರ್ಧ ಮಂದಿಗೆ ಬರುವ ಪ್ರಶ್ನೆ ಬೇರೆಯೇ. ಅದನ್ನು ಮೊದಲು ಮುಗಿಸೋಣ.

ಕಾರಣವಿಲ್ಲದೆ ನಾಯಿ ಸಾಕುವವರ ಪುಣ್ಯದಲ್ಲಿ ದಿನವೂ ಕಡಿತವಾಗುತ್ತೆ ಅನ್ನುವ ಹದೀಸ್ ನಮಗೆಲ್ಲ ಗೊತ್ತು. ಅದೇ ಹದೀಸಿನಲ್ಲಿ ಜಾನುವಾರು ಕಾಯುವ, ಬೇಟೆಯಾಡುವ, ಹೊಲ ಕಾಯುವ ನಾಯಿಗಳಿಗೆ ವಿನಾಯಿತಿ ಇರೋದನ್ನು ಮಾತ್ರ ನಾವು ಅಷ್ಟಾಗಿ ಹೇಳೋದಿಲ್ಲ. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಮನೆ ಮುಂತಾದವುಗಳ ಕಾವಲಿಗೂ ಇದೇ ಕಾರಣ ಅನ್ವಯವಾಗುತ್ತೆ ಅನ್ನೋದೇ ಸರಿಯಾದ ಅಭಿಪ್ರಾಯ ಅಂತ ಇಮಾಮ್ ನವವಿ(ರ) ಬರೆದಿದ್ದಾರೆ. ಅವರು ನಮ್ಮ ಶಾಫಿ ಮದ್ಹಬಿನ ದೊಡ್ಡ ಇಮಾಮರು. ಸೂರಾ ಅಲ್-ಮಾಇದಾದಲ್ಲಿ ತರಬೇತಿ ಕೊಟ್ಟ ಬೇಟೆ ಪ್ರಾಣಿಗಳ ಮಾತು ಬರುತ್ತೆ, ಅಲ್-ಕಹ್ಫ್‌ನಲ್ಲಿ ಗುಹೆಯ ಬಾಗಿಲಲ್ಲಿ ಮಲಗಿದ ನಾಯಿ ಬರುತ್ತೆ. ಆದ್ದರಿಂದ ಕೆಲಸಕ್ಕೆ ನಾಯಿ ಇಟ್ಟುಕೊಳ್ಳೋದು ಒಂದು, ಶೋಕಿಗೆ ಸೋಫಾ ಮೇಲೆ ಕೂರಿಸೋದು ಇನ್ನೊಂದು.

ನಜಸಿನ ವಿಷಯ ಹಾಗೇ ಉಳಿಯುತ್ತೆ. ಶಾಫಿಯವರಿಗೆ ನಾಯಿಯ ಎಂಜಲು, ಒದ್ದೆ ಮೈ ತಾಗಿದರೆ ಏಳು ಸಲ ತೊಳೀಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಲ್ಲಿ. ಒಣ ಮೈ ಒಣ ಬಟ್ಟೆಗೆ ತಾಗಿದರೆ ತೊಂದರೆ ಇಲ್ಲ. ನನ್ನ ಸ್ನೇಹಿತರು ಹನಫಿ, ಅವರ ಲೆಕ್ಕ ಸ್ವಲ್ಪ ಸಡಿಲ. ನಾನು ಅಲ್ಲಿಗೆ ಹೋದಾಗ ನಾಯಿ ಕೆಲಸಕ್ಕೆ ಬೇರೆ ಲುಂಗಿ, ಬೇರೆ ಚಪ್ಪಲಿ ಇಟ್ಟುಕೊಂಡೆ. ನಾಯಿಯ ತಟ್ಟೆ ಅಡುಗೆಮನೆಗೆ ಬರೋದಿಲ್ಲ, ನಾಯಿ ಮನೆಯೊಳಗೆ ಬರೋದಿಲ್ಲ. ಕಾವಲು ನಾಯಿಯ ಜಾಗ ಹೇಗೂ ಕೋಳಿಗೂಡಿನ ಹತ್ತಿರ. ಉಳಿದದ್ದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ನಾನು ಬಿ.ಕಾಂ ಓದಿದವ, ಫತ್ವಾ ಕೊಡುವವನಲ್ಲ.

ಈಗ ನಮ್ಮ ತಪ್ಪಿಗೆ ಬರೋಣ.

ಜತ್ತದಿಂದ ಮುಧೋಳ ದೂರವಲ್ಲ. ಮುಧೋಳ ನಾಯಿ ಅಂದರೆ ಆ ಕಡೆ ಎಲ್ಲರಿಗೂ ಹೆಮ್ಮೆ. 2005ರಲ್ಲಿ ಅಂಚೆ ಚೀಟಿ ಬಂದ ನಾಯಿ, ಸೇನೆಯೂ ಪರೀಕ್ಷೆಗೆ ತಗೊಂಡ ನಾಯಿ. ನಾವೂ ಅದೇ ಜಾತಿಯ ಐದು ತಿಂಗಳ ಮರಿ ತಂದೆವು. (ದುಡ್ಡು ಸ್ನೇಹಿತರ ಜೇಬಿನದ್ದು. ನಾಯಿ ಮಾರೋದು ಕೊಳ್ಳೋದು ಶಾಫಿಯಲ್ಲಿ ಸರಿಯಾಗೋದಿಲ್ಲ ಅಂತ ನಾನು ಜಾಣತನದಿಂದ ಹಿಂದೆ ಸರಿದೆ.) ನಾಯಿಯಲ್ಲಿ ಏನೂ ದೋಷ ಇರಲಿಲ್ಲ, ದೋಷ ನಮ್ಮ ಆಯ್ಕೆಯದ್ದು. ಮುಧೋಳ ಕಣ್ಣಿನಿಂದ ನೋಡಿ ಓಡಿ ಹಿಡಿಯುವ ಬೇಟೆ ನಾಯಿ. ಮೊಲದ ಹಿಂದೆ ಬಿಡಲಿಕ್ಕೆ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ರೆಕ್ಕೆ ಬಡಿದು ಕಿರುಚಿ ಓಡುವ ಕೋಳಿಯನ್ನು ಅದರ ಎದುರು ಬಿಟ್ಟು ಸುಮ್ಮನಿರು ಅಂದರೆ ಹೇಗೆ?

ನಷ್ಟ ಮೂರು ಸಾವಿರದ ಆರುನೂರು. ಮುದಾರಬದಲ್ಲಿ ಬಂಡವಾಳದ ನಷ್ಟ ಹಣ ಹಾಕಿದವನಿಗೆ, ದುಡಿಯುವವನ ನಿರ್ಲಕ್ಷ್ಯ ಇದ್ದರೆ ಮಾತ್ರ ಅವನಿಗೆ. ನಾಯಿ ಬಿಚ್ಚಿ ಹೋದದ್ದು ನಿರ್ಲಕ್ಷ್ಯವಾ? ಬಿಚ್ಚಿ ಅಂತ ಹೇಳಿದ್ದೇ ನಾನು. ನಷ್ಟ ನನ್ನ ಖಾತೆಗೇ ಬರೆದುಕೊಂಡೆ. ನಾಯಿಯನ್ನು ರಾತ್ರಿ ಹೆದ್ದಾರಿಯಲ್ಲಿ ಬಿಟ್ಟು ಬರೋಣ ಅಂತ ಮನೆಯವರಲ್ಲೊಬ್ಬರು ಹೇಳಿದರು. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕುಡಿಸಿದವರಿಗೆ ಅಲ್ಲಾಹನು ಕ್ಷಮೆ ಕೊಟ್ಟ ಹದೀಸನ್ನು ಮಕ್ಕಳಿಗೆ ಹೇಳುವವರು ನಾವು. ಒಂದು ದ್ರಾಕ್ಷಿ ತೋಟದವರು ಬೇಕೆಂದರು, ಅಲ್ಲಿಗೆ ಕೊಟ್ಟೆವು. ಚೆನ್ನಾಗಿದೆ.

ಆಮೇಲೆ ಪಾಠ ಹೇಳಿದವರು ಮಾಡಗ್ಯಾಳ ಕಡೆಯ ಒಬ್ಬ ಕುರಿಗಾಹಿ. ಮಾಡಗ್ಯಾಳ ಕುರಿ ಗೊತ್ತಲ್ಲ, ಗಿಣಿಮೂಗಿನ ಎತ್ತರದ ತಳಿ. 2020ರಲ್ಲಿ ಆಟಪಾಡಿ ಸಂತೆಯಲ್ಲಿ ಇದೇ ತಳಿಯ ಒಂದು ಟಗರಿಗೆ 70 ಲಕ್ಷಕ್ಕೆ ಕೇಳಿದರೂ ಮಾಲಕರು ಕೊಡಲಿಲ್ಲ ಅಂತ ಪೇಪರಿನಲ್ಲಿ ಬಂದಿತ್ತು. ಅಂಥಾ ಮಾಲು ಬಯಲಲ್ಲಿ ರಾತ್ರಿ ಮಲಗುವಾಗ ಕಾಯೋದು ಸಾದಾ ಊರ ನಾಯಿ, ದೊಡ್ಡ ತಳಿಯ ಹೆಸರೇನೂ ಇಲ್ಲ. ಏನು ಕಲಿಸ್ತೀರಿ ಅಂತ ಕೇಳಿದೆ.

“ಕಲಸೂದ್ ಏನ್ ಐತ್ರಿ? ಕುರಿ ನಡುವ ಹುಟ್ತೈತಿ, ಕುರಿ ನಡುವ ಬೆಳಿತೈತಿ. ಅದಕ್ಕ ಅವು ತನ್ನ ಮಂದಿ.”

ಇಡೀ ವಿದ್ಯೆ ಇಷ್ಟರಲ್ಲಿದೆ. ಅಮೆರಿಕದಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ಎಂಬ ದಂಪತಿ 1970ರ ದಶಕದ ಕೊನೆಯಿಂದ ಇಂಥ ಕಾವಲು ನಾಯಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಮರಿ ಸುಮಾರು ಮೂರು ವಾರದಿಂದ ಮೂರು ಮೂರೂವರೆ ತಿಂಗಳ ತನಕ ಯಾರ ಜೊತೆ ಇರುತ್ತೋ ಅವರನ್ನು ತನ್ನ ಬಳಗ ಅಂತ ತಿಳಿಯುತ್ತೆ. ಆ ಕಿಟಕಿ ಮುಚ್ಚಿದ ಮೇಲೆ ಕಷ್ಟ. ನಮ್ಮ ಮುಧೋಳ ಬಂದದ್ದು ಐದು ತಿಂಗಳಿಗೆ! ಇನ್ನೊಂದು ವಿಷಯ: ನೋಡೋದು, ಹೊಂಚೋದು, ಅಟ್ಟೋದು, ಹಿಡಿಯೋದು, ಕೊಲ್ಲೋದು ಅನ್ನುವ ಬೇಟೆಯ ಸರಪಳಿ ಕಾವಲು ತಳಿಗಳಲ್ಲಿ ದುರ್ಬಲ, ಬೇಟೆ ತಳಿಗಳಲ್ಲಿ ಬಲವಾಗಿರುತ್ತೆ. ಕಾವಲು ಅಂದರೆ ಕಚ್ಚೋದು ಅಂತ ನಾವು ತಿಳಿದಿದ್ದೇವೆ. ಹೆಚ್ಚಿನ ಕೆಲಸ ಅಲ್ಲಿ ಇರೋದು, ಬೊಗಳೋದು, ಗಡಿಗೆ ಮೂತ್ರ ಹೊಯ್ಯೋದು. ನರಿಗೆ ಅಷ್ಟು ಸಾಕು.

ಆದರೆ ಕೋಳಿ ಕುರಿಯಲ್ಲ. ಕುರಿ ನಾಯಿಮರಿಯನ್ನು ಮೂಸುತ್ತೆ, ಪಕ್ಕದಲ್ಲಿ ಮಲಗುತ್ತೆ. ಕೋಳಿಗೆ ನಾಯಿಯ ಹಂಗಿಲ್ಲ, ಹಾರುತ್ತೆ, ಕಿರುಚುತ್ತೆ. ಹಾಗಾಗಿ ಕೋಳಿಗೆ ನಾಯಿ ಒಗ್ಗಿಸೋದು ಎಲ್ಲಕ್ಕಿಂತ ನಿಧಾನದ ಕೆಲಸ. ಆಗದ್ದಲ್ಲ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಪಕ್ಕ ಮಿಡ್ಲ್ ಐಲೆಂಡ್ ಅಂತ ಚಿಕ್ಕ ದ್ವೀಪವಿದೆ. ಇಳಿತದ ಹೊತ್ತು ನರಿಗಳು ನಡೆದೇ ಹೋಗಿ ಅಲ್ಲಿನ ಪುಟ್ಟ ಪೆಂಗ್ವಿನ್‌ಗಳನ್ನು ಮುಗಿಸುತ್ತಿದ್ದವು. ನೂರಾರು ಇದ್ದದ್ದು 2005ರ ಹೊತ್ತಿಗೆ ಹತ್ತಕ್ಕಿಂತ ಕೆಳಗೆ ಬಂತು. ತನ್ನ ಬಯಲು ಕೋಳಿಗಳನ್ನು ಮರೆಮ್ಮ ಎಂಬ ಇಟಲಿಯ ಕುರಿನಾಯಿಗಳಿಂದ ಕಾಯಿಸುತ್ತಿದ್ದ ಅಲ್ಲಿನ ಒಬ್ಬ ಕೋಳಿ ರೈತನ ಸಲಹೆಯಂತೆ 2006ರಿಂದ ನಾಯಿಗಳನ್ನು ದ್ವೀಪದಲ್ಲಿ ಬಿಟ್ಟರು. ಪೆಂಗ್ವಿನ್ ಮತ್ತೆ ಹೆಚ್ಚಿದವು. 2015ರಲ್ಲಿ ಸಿನಿಮಾನೂ ಬಂತು. 2017ರಲ್ಲಿ ನಾಯಿಗಳು ಅಲ್ಲಿ ಇಲ್ಲದಿದ್ದಾಗ ನರಿ ನುಗ್ಗಿ ನೂರಕ್ಕೂ ಹೆಚ್ಚು ಪೆಂಗ್ವಿನ್ ಸತ್ತವು. ಸಿನಿಮಾ ನೋಡಿ ನಾಯಿ ತರುವವರು ಇದನ್ನೂ ನೆನಪಿಡಬೇಕು.

ಕುರಿಗಾಹಿಯೇ ನಮಗೆ ಎರಡು ತಿಂಗಳ ಹೆಣ್ಣು ಮರಿ ಕೊಟ್ಟರು, ದುಡ್ಡು ಕೇಳಲಿಲ್ಲ. ತಾಯಿ ತಂದೆ ಎರಡೂ ಹಟ್ಟಿ ಕಾಯುವ ನಾಯಿಗಳು. ಮೊದಲ ತಿಂಗಳು ಮರಿಯನ್ನು ಕೋಳಿಗೂಡಿಗೆ ಅಂಟಿಕೊಂಡಂತೆ ಜಾಲರಿಯ ಈಚೆ ಇಟ್ಟೆವು. ವಾಸನೆ, ಸದ್ದು, ರೆಕ್ಕೆ ಬಡಿತ ಎಲ್ಲಾ ಮಾಮೂಲು ಆಗಬೇಕು. ಆಮೇಲೆ ದಿನಕ್ಕೆ ಎರಡು ಹೊತ್ತು ಹಗ್ಗ ಹಿಡಿದು ಕೋಳಿಗಳ ನಡುವೆ ಸುಮ್ಮನೆ ಕೂರೋದು. ಅದು ಕೋಳಿಯನ್ನು ದುರುಗುಟ್ಟಿ ನೋಡಿದರೆ, ಮೈ ಬಿಗಿ ಮಾಡಿದರೆ ಅಲ್ಲೇ ತಿರುಗಿಸಿ ಆಚೆ ಕರ್ಕೊಂಡು ಹೋಗೋದು. ಮುಖ ತಿರುಗಿಸಿ ಮಲಗಿದರೆ ರೊಟ್ಟಿ ಚೂರು. ತಪ್ಪು ಹಿಡಿಯಬೇಕಾದ್ದು ಓಡಿದ ಮೇಲಲ್ಲ, ನೋಡುವಾಗಲೇ. ಮೊದಲಿಗೆ ದೊಡ್ಡ ಹೇಂಟೆಗಳ ಜೊತೆ ಬಿಡಬೇಕು, ಪಿಳ್ಳೆಗಳ ಜೊತೆ ಅಲ್ಲ. ನಮ್ಮಲ್ಲೊಂದು ಮುದಿ ಹೇಂಟೆ ಮರಿಯ ಮೂಗಿಗೆ ಎರಡು ಸಲ ಕುಕ್ಕಿತು, ನಮ್ಮ ಹತ್ತು ದಿನದ ಕೆಲಸ ಅದು ಎರಡು ನಿಮಿಷದಲ್ಲಿ ಮಾಡಿತು.

ಒಂದು ಗುಟ್ಟು ತಡವಾಗಿ ಗೊತ್ತಾಯ್ತು. ನಾಯಿಗೆ ಕೋಳಿ ಅಟ್ಟಲು ಕಲಿಸುತ್ತಿದ್ದದ್ದು ನಾವೇ! ಯಾರಾದರೂ ಮನೆಗೆ ಬಂದರೆ ಪಾತ್ರೆ ಒಲೆಗಿಡುವ ಮೊದಲೇ ಮಕ್ಕಳು ಒಂದು ಹುಂಜದ ಹಿಂದೆ ಅಂಗಳ ತುಂಬ ಓಡ್ತಾರೆ. ಮರಿಗೆ ಅದಕ್ಕಿಂತ ದೊಡ್ಡ ಆಟ ಉಂಟಾ? ಈಗ ಕೊಯ್ಯುವ ಕೋಳಿಯನ್ನು ಹಿಂದಿನ ರಾತ್ರಿ ಗೂಡಲ್ಲೇ ಹಿಡಿದು ಬೇರೆ ಇಡ್ತೇವೆ, ಝಬಹ್ ನಾಯಿಯ ಕಣ್ಣಿಗೆ ಬೀಳದ ಕಡೆ. ಕೋಳಿಯ ಹಸಿ ತಲೆ, ಕರುಳು ನಾಯಿಗೆ ಎಸೆಯೋದು ನಿಲ್ಲಿಸಿದೆವು. ಅದರಿಂದ ರೋಗವೂ ಬರಬಹುದು. ಮೊಟ್ಟೆ ಎರಡು ಹೊತ್ತು ಹೆಕ್ಕಬೇಕು, ಒಮ್ಮೆ ರುಚಿ ಸಿಕ್ಕಿದರೆ ಬಿಡಿಸೋದು ಕಷ್ಟ. ನಾಯಿಯ ಊಟ ಕೋಳಿ ಬಾರದ ಕಡೆ ಹಾಕಬೇಕು. ತಟ್ಟೆಗೆ ಕೊಕ್ಕು ಹಾಕಿದ ಕೋಳಿಯ ಕುತ್ತಿಗೆ ಒಳ್ಳೆ ನಾಯಿಯೂ ಹಿಡಿಯುತ್ತೆ.

ಏಳು ತಿಂಗಳಿಗೆ ಎಲ್ಲಾ ಮುಗೀತು, ನಾಯಿ ರೆಡಿ ಅಂತ ಸ್ನೇಹಿತರು ಫೋನ್ ಮಾಡಿದರು. ಹದಿನೈದು ದಿನದಲ್ಲಿ ಎರಡು ಕೋಳಿ ಹೋಯ್ತು. ಇದು ಹುಡುಗಾಟದ ವಯಸ್ಸು. ಕೊಲ್ಲುವ ಉದ್ದೇಶ ಇರೋದಿಲ್ಲ, ಆಡಲಿಕ್ಕೆ ಹಿಡಿಯುತ್ತೆ, ಕೋಳಿ ಸಾಯುತ್ತೆ. ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿದರೆ ಬುದ್ಧಿ ಬರುತ್ತೆ ಅಂತ ಪಕ್ಕದವರು ಹೇಳಿದರು. ಕೊಳೆತ ಕೋಳಿ ಹೊತ್ತ ನಾಯಿಗೆ ಕಜ್ಜಿ ಬರಬಹುದು, ಬುದ್ಧಿ ಬರೋದಿಲ್ಲ. ಗಂಟೆ ಕಳೆದ ಮೇಲೆ ಹೊಡೆದರೂ ಅಷ್ಟೇ, ಯಾಕೆ ಹೊಡೆದರು ಅಂತ ಅದಕ್ಕೆ ತಿಳಿಯೋದಿಲ್ಲ. ಮತ್ತೆ ಹಗ್ಗಕ್ಕೆ ಕಟ್ಟಿ ಮೊದಲಿಂದ ಶುರು ಮಾಡಿದೆವು, ಬೆಳಿಗ್ಗೆ ಸಂಜೆ ಉದ್ದ ನಡಿಗೆ ಮಾಡಿಸಿದೆವು. ಒಂದೂವರೆ ಎರಡು ವರ್ಷ ಆಗುವ ತನಕ ಕೋಳಿ ಜೊತೆ ಒಂಟಿಯಾಗಿ ಬಿಡಬಾರದು ಅನ್ನೋದನ್ನು ನಾವು ಹನ್ನೊಂದು ಕೋಳಿಯ ಬೆಲೆ ಕೊಟ್ಟು ಕಲಿತೆವು, ಮೊದಲಿನ ಒಂಬತ್ತೂ ಸೇರಿ.

ಸೂಜಿ ತಪ್ಪಿಸಬೇಡಿ. ಆರು ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರು, ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷ ವರ್ಷ. ಬಯಲಲ್ಲಿ ನರಿ, ಬೀದಿನಾಯಿ ಜೊತೆ ಕಚ್ಚಾಡುವ ಪ್ರಾಣಿ ಅದು, ಮನೆಯಲ್ಲಿ ಮಕ್ಕಳಿರ್ತಾರೆ. ಜಂತಿನ ಮದ್ದೂ ಕೊಡಬೇಕು.

ನಮ್ಮ ಊರಿನವರು ಕೇಳ್ತಾರೆ, ನಾವೂ ತರಬಹುದಾ ಅಂತ. ಸುಳ್ಯ, ಬೆಳ್ತಂಗಡಿಯ ಕಾಡಂಚಿನಲ್ಲಿ ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನೇ ಗೂಡೊಳಗೆ ಹಾಕಬೇಕಾಗುತ್ತೆ, ಚಿರತೆಗೆ ಕೋಳಿಗಿಂತ ನಾಯಿ ಇಷ್ಟ. ಹಿಮಾಲಯದ ಕುರಿಗಾಹಿಗಳು ನಾಯಿಯ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕೋದು ಅದಕ್ಕೇ. ಹೆಬ್ಬಾವಿಗೆ, ಗಿಡುಗಕ್ಕೆ ನಾಯಿ ಪೂರ್ತಿ ಪರಿಹಾರವಲ್ಲ. ಇನ್ನು ಲೆಕ್ಕ ನೋಡಿ. ನಮ್ಮ ನಾಯಿಗೆ ಜೋಳದ ರೊಟ್ಟಿ, ಮಜ್ಜಿಗೆ, ಆಗಾಗ ಮೊಟ್ಟೆ, ಔಷಧಿ ಸೇರಿ ತಿಂಗಳಿಗೆ ಸಾವಿರದ ಇನ್ನೂರು ಖರ್ಚು. ಮೊದಲು ತಿಂಗಳಿಗೆ ಮೂರು ನಾಲ್ಕು ಕೋಳಿ, ಅಂದರೆ ಸಾವಿರದ ಇನ್ನೂರರಿಂದ ಸಾವಿರದ ಆರುನೂರು ಹೋಗ್ತಿತ್ತು, ಅವು ಇಡಬೇಕಿದ್ದ ಮೊಟ್ಟೆ ಬೇರೆ. ಅರುವತ್ತು ಕೋಳಿಗೆ ಅಂತೂ ಇಂತೂ ಸರಿದೂಗುತ್ತೆ. ಮನೆ ಹಿಂದೆ ಹತ್ತು ಕೋಳಿ ಸಾಕುವವರಿಗೆ ಒಳ್ಳೆಯ ಜಾಲರಿ, ಗಟ್ಟಿ ಚಿಲಕದ ಗೂಡು ಸಾಕು. ಅಲ್ಲಿ ನಾಯಿಯ ಅಗತ್ಯವೇ ಇಲ್ಲದಾಗ ಹದೀಸಿನ ವಿನಾಯಿತಿಯನ್ನು ಎಳೆದು ತರೋದೂ ನನಗೆ ಸರಿ ಕಾಣೋದಿಲ್ಲ.

ಜತ್ತದ ನಾಯಿಗೆ ಈಗ ಎರಡು ವರ್ಷ ದಾಟಿದೆ. ಹಗಲು ಬೇವಿನ ಮರದ ಕೆಳಗೆ ಮಲಗುತ್ತೆ, ಕೋಳಿಗಳು ಅದರ ಬೆನ್ನಿನ ಪಕ್ಕದಲ್ಲೇ ಮಣ್ಣು ಕೆದರುತ್ತವೆ. ರಾತ್ರಿ ಗೂಡಿಗೆ ಚಿಲಕ, ಹೊರಗೆ ನಾಯಿ. ಕಳೆದ ಆರು ತಿಂಗಳಲ್ಲಿ ಹೋದದ್ದು ಒಂದೇ, ಅದೂ ಗಿಡುಗಕ್ಕೆ. ಮುಂದಿನ ವಾರ ನಲ್ವತ್ತು ಗಿರಿರಾಜ ಮರಿ ಬರಲಿಕ್ಕಿದೆ. ಅವು ಬಂದ ದಿನದಿಂದ ನಾಯಿಗೆ ಪುನಃ ಹತ್ತು ದಿನ ಹಗ್ಗ.