ಅರಳುಮರಳು ಅಂತ ಸುಮ್ಮನಾಗಬೇಡಿ ಸ್ವಾಮಿ!

ಗಿರಾಕಿಗೆ ಒಮ್ಮೆ ಕೊಟ್ಟ ಚಿಲ್ಲರೆಯನ್ನೇ ಮತ್ತೆ ಎಣಿಸಿ ಕೊಡುವ ಅಂಗಡಿ ಯಜಮಾನರು, ದಿನಾ ಇಳಿಯುವ ಸ್ಟಾಪು ಗೊತ್ತಾಗದೆ ಕಂಡಕ್ಟರ್ ಮುಖ ನೋಡುವ ಹಿರಿಯರು ನಮ್ಮ ನಡುವೆ ಎಷ್ಟಿಲ್ಲ? ಮನೆಯವರದು ಒಂದೇ ಮಾತು: ‘ಅರವತ್ತಾಯ್ತಲ್ಲ, ಅರಳುಮರಳು.’ ಡಾಕ್ಟರ ಮಾತೇ ಏಳೋದಿಲ್ಲ.

ಈ ಮರೆವು ಆಲ್ಝೈಮರ್ ಕಾಯಿಲೆ ಇರಬಹುದು. ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟಿದ್ದು ರೋಗಿ ಸತ್ತ ಮೇಲೆ, ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ. ತುಪ್ಪದ ಗಸಿಯಂತೆ ತಂಗಿದ ಪ್ರೋಟೀನು, ನರಕೋಶದೊಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಆಮೇಲೂ ಬಹುಕಾಲ ಅದೇ ಪಾಡು. ಪಕ್ಕಾ ಹೇಳಬೇಕಾದರೆ ರೋಗಿ ಸಾಯಬೇಕಿತ್ತು!

ಈಗ ಬದುಕಿರುವಾಗಲೇ ಇಣುಕಿ ನೋಡಬಹುದು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗ ಕುಗ್ಗಿದೆಯೇ ಅಂತ ಎಂ.ಆರ್.ಐ. ತೋರಿಸುತ್ತೆ. ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಸೂಸುವ ಮದ್ದನ್ನು ಒಂದಿಷ್ಟು ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ಹೋಗಿ ಆ ಗಸಿಗೆ ಅಂಟುತ್ತೆ, ಯಂತ್ರ ಚಿತ್ರ ತೆಗೆಯುತ್ತೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 2002ರಲ್ಲೇ ಇದನ್ನು ಮಾಡಿ ನೋಡಿದ್ದರು. ಹಾಗಂತ ಗಸಿ ಕಂಡ ಮಾತ್ರಕ್ಕೆ ಕಾಯಿಲೆ ಅನ್ನುವಂತಿಲ್ಲ. ಲೆಕ್ಕಪತ್ರ ಚೊಕ್ಕವಾಗಿ ನೋಡಿಕೊಳ್ಳುವ ಮುದುಕರ ಮಿದುಳಲ್ಲೂ ಅದು ಇರುವುದುಂಟು. ಇಲ್ಲವೇ ಇಲ್ಲ ಅಂತ ಬಂದರೆ ಮಾತ್ರ ಮರೆವಿಗೆ ಬೇರೆ ಕಾರಣ ಹುಡುಕಬೇಕು.

ನಮ್ಮಂಥವರಿಗೆ ಪೆಟ್ ಸ್ಕ್ಯಾನು ದುಬಾರಿ, ದೂರ. ಸಾದಾ ಸಿ.ಟಿ. ಸ್ಕ್ಯಾನಿನ ಉಪಕಾರವೇ ದೊಡ್ಡದು. ಅಜ್ಜ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರು ಅನ್ನಿ. ಊತ ಇಳಿಯಿತು, ಎಲ್ಲರೂ ಮರೆತರು. ಕೆಲವು ವಾರದ ಮೇಲೆ ಮಂಕು, ಮರೆವು, ನಡೆದರೆ ತೂರಾಟ. ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ನಿಂತು ಒತ್ತುತ್ತಿದ್ದರೆ ಹೀಗಾಗುತ್ತೆ. ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಕಂಡುಬಿಡುತ್ತೆ. ಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ತೆಗೆದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಅರಳುಮರಳು ಅಂತ ಮೂಲೆಯಲ್ಲಿ ಕೂರಿಸಿದರೆ ಪ್ರಾಣಕ್ಕೇ ಸಂಚಕಾರ. ಮಿದುಳಲ್ಲಿ ನೀರು ತುಂಬಿದ್ದರೂ, ಗಡ್ಡೆ ಬೆಳೆದಿದ್ದರೂ ಸ್ಕ್ಯಾನಿನಲ್ಲೇ ಗೊತ್ತಾಗೋದು. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತೆ. ಅದಕ್ಕೆ ರಕ್ತಪರೀಕ್ಷೆ ಸಾಕು.

ನಮ್ಮ ಹಳ್ಳಿಯವರ ಮಿದುಳನ್ನೂ ವಿಜ್ಞಾನಿಗಳು ನೋಡುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಅಧ್ಯಯನ ಶುರುಮಾಡಿತು. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ. ಅದರಲ್ಲಿ ಎಂ.ಆರ್.ಐ.ಯೂ ಉಂಟು.

ಯಾವ ಸ್ಕ್ಯಾನು ಬೇಕು ಅಂತ ಡಾಕ್ಟರು ಹೇಳಲಿ. ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ: ಮರೆವು ಯಾವಾಗ ಶುರುವಾಯ್ತು, ದಿಢೀರನೆಯೋ ನಿಧಾನವಾಗಿಯೋ, ಈಚೆಗೆ ಎಲ್ಲಾದರೂ ಬಿದ್ದಿದ್ರಾ. ನುಂಗುವ ಮಾತ್ರೆಗಳ ಪಟ್ಟಿಯೂ ಜೇಬಲ್ಲಿರಲಿ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ.